ಜಾಲಿಮುಳ್ಳು, ಜಂಬಿಟ್ಟಿಗೆ, ಎರಿಮಣ್ಣು: ಟೆಂಟ್ ರಿಪೇರಿ ಕಿಟ್ ಕಟ್ಟಿದ ಲೆಕ್ಕ

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ರಿಪೇರಿ ಕಿಟ್ ತೆಗೆದು ನೋಡಿದರೆ ಎರಡು ತುಂಡು ಟೇಪು, ಒಂದು ಸೂಜಿ, ಯಾವ ಕೋಲಿಗೂ ಸರಿಹೊಂದದ ಒಂದು ಕೊಳವೆ ಇರುತ್ತದೆ. ಚಿಂಚೋಳಿ ಕಾಡಿನ ಮುಳ್ಳು, ಬೀದರಿನ ಜಂಬಿಟ್ಟಿಗೆ ನೆಲ, ಶಹಾಪುರ–ಸುರಪುರದ ಕಡೆಯ ಕರಿಕಲ್ಲು ಗುಡ್ಡ, ಎಲ್ಲ ಕಡೆಯ ಎರಿಮಣ್ಣಿನ ಧೂಳು, ಇವಕ್ಕೆ ಆ ಕಿಟ್ ಸಾಲದು. ಹಾಗಾಗಿ ಒಂದು ಟೆಂಟು, ಒಂದು ಬೆನ್ನುಚೀಲ, ಒಂದು ಗಾಳಿಹಾಸಿಗೆ ಎದುರಿಗಿಟ್ಟುಕೊಂಡು, ಅವುಗಳ ಅಳತೆ ತೆಗೆದು ಕಟ್ಟಿದ ಕಿಟ್ಟಿನ ವಿವರ ಇಲ್ಲಿದೆ. ತೂಕದ ಗುರಿ 200 ಗ್ರಾಂ ಒಳಗೆ.

ಎದುರಿಗಿದ್ದ ಸಾಮಾನು: ಇಬ್ಬರು ಮಲಗುವ ಡೋಮ್ ಟೆಂಟ್, ಪಾಲಿಯೆಸ್ಟರ್ ಬಟ್ಟೆಗೆ ಒಳಮೈಯಲ್ಲಿ ಪಾಲಿಯುರೆಥೇನ್ (ಪಿಯು) ಲೇಪ, 8.5 ಮಿ.ಮೀ. ದಪ್ಪದ ಫೈಬರ್‌ಗ್ಲಾಸ್ ಕೋಲುಗಳು. 50 ಲೀಟರ್ ಚೀಲ, ಸೊಂಟಪಟ್ಟಿಯ ಬಕಲ್ 38 ಮಿ.ಮೀ., ಎದೆಪಟ್ಟಿಯದು 20, ಪಕ್ಕದ ಪಟ್ಟಿಗಳದು 25. ಗಾಳಿ ತುಂಬುವ ಟಿಪಿಯು (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಹಾಸಿಗೆ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳದೆ ಅಂಗಡಿಗೆ ಹೋದರೆ ಎರಡು ಸಲ ಅಲೆಯಬೇಕಾಗುತ್ತದೆ.

ಬಟ್ಟೆ ಯಾವುದು ಅಂತ ಮೊದಲು ಗುರುತಿಸಿ

ಟೇಪು, ಅಂಟು ಎಲ್ಲವೂ ಇದರ ಮೇಲೆ ನಿಂತಿದೆ. ಟೆಂಟಿನ ಒಳಗಿನಿಂದ ಹೊಲಿಗೆಯ ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿದ್ದರೆ ಆ ಮೈಗೆ ಪಿಯು ಲೇಪ ಇದೆ ಎಂದರ್ಥ. ಸಿಲಿಕೋನ್ ಮೇಲೆ ಆ ಪಟ್ಟಿ ಕೂರುವುದೇ ಇಲ್ಲ. ಬಟ್ಟೆ ಎರಡೂ ಕಡೆ ಜಾರುತ್ತ, ಬೆರಳಿಗೆ ಎಣ್ಣೆ ಸವರಿದಂತೆ ಅನಿಸಿ, ಹೊಲಿಗೆ ಮೇಲೆ ಪಟ್ಟಿ ಇಲ್ಲದಿದ್ದರೆ ಅದು ಸಿಲಿಕೋನ್ ಲೇಪದ ಬಟ್ಟೆ. ಕೆಲವು ಟೆಂಟುಗಳಲ್ಲಿ ಹೊರಗೆ ಸಿಲಿಕೋನ್, ಒಳಗೆ ಪಿಯು. ಅಂಥವಕ್ಕೆ ತೇಪೆ ಒಳಗಿನಿಂದಲೇ ಹಾಕಬೇಕು.

ಪಿಯು ಮೈಗೆ ಪಿಯು ಅಂಟು, ಸಿಲಿಕೋನ್ ಮೈಗೆ ಸಿಲಿಕೋನ್ ಅಂಟು. ಅದಲುಬದಲಾದರೆ ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಸಿಪ್ಪೆ ಸುಲಿದಂತೆ ಎದ್ದು ಬರುತ್ತದೆ. ಸಿಲಿಕೋನ್ ಬಟ್ಟೆಯ ಹೊಲಿಗೆ ಮುಚ್ಚಲು ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸೀಲಂಟ್ ಸಾಕು. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಮೂರು ಪಾಲು, ಸೀಲಂಟ್ ಒಂದು ಪಾಲು ಕಲಸಿದರೆ ಕುಂಚದಲ್ಲಿ ಹಚ್ಚುವಷ್ಟು ತೆಳ್ಳಗಾಗುತ್ತದೆ. ಇದು ಮನೆಯ ಮಾಳಿಗೆ ಮೇಲೆ ಮಾಡುವ ಕೆಲಸ, ದಾರಿಯಲ್ಲಿ ಅಲ್ಲ. ಕಿಟ್ಟಿಗೆ ನಿಮ್ಮ ಬಟ್ಟೆಗೆ ಹೊಂದುವ ಅಂಟಿನ ಚಿಕ್ಕ ಟ್ಯೂಬ್ ಮಾತ್ರ.

ನೆಲದ ಬಟ್ಟೆಯ ಪಿಯು ಲೇಪ ಅಂಟಂಟಾಗಿ ಹುಳಿವಾಸನೆ ಬರುತ್ತಿದ್ದರೆ, ಇಲ್ಲವೇ ಹೊಟ್ಟಿನಂತೆ ಉದುರುತ್ತಿದ್ದರೆ, ಅದಕ್ಕೆ ದಾರಿಯಲ್ಲಿ ಮದ್ದಿಲ್ಲ. ಒದ್ದೆಯಾಗಿಯೇ ಮಡಿಚಿಟ್ಟ ಟೆಂಟು ಬಿಸಿಲ ಊರಿನ ಅಟ್ಟದಲ್ಲಿ ಬೆಂದರೆ ಹೀಗಾಗುತ್ತದೆ. ಕೆಳಗೆ ತಾಡಪತ್ರಿ ಹಾಸಿ ಆ ಟ್ರಿಪ್ ಮುಗಿಸಬಹುದು, ಅಷ್ಟೇ.

ತೂತು ಮತ್ತು ಹರಕು

ಇಲ್ಲಿ ಎರಡು ಥರದ ಗಾಯ ಆಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ನೇರ, ಗಟ್ಟಿ. ಒಂದೆರಡು ಮಿಲಿಮೀಟರ್ ತೂತು ಮಾಡಿ ನಿಲ್ಲುತ್ತದೆ. ಬಾರಿ ಗಿಡದ ಮುಳ್ಳು ಜೋಡಿ: ಒಂದು ನೇರ, ಇನ್ನೊಂದು ಕೊಕ್ಕೆಯಂತೆ ಬಾಗಿದ್ದು. ಆ ಕೊಕ್ಕೆ ಸಿಕ್ಕಿದ ಮೇಲೆ ಬಟ್ಟೆ ಎಳೆದರೆ ಎಲ್ ಆಕಾರದಲ್ಲಿ ಹರಿಯುತ್ತದೆ. ತೂತಿಗೆ ಒಂದು ಹನಿ ಅಂಟು ಸಾಕು. ಹರಕಿಗೆ ತೇಪೆ ಬೇಕು.

ತೇಪೆಗೆ ತಂದದ್ದು: ಅಂಟುಬೆನ್ನಿನ ನೈಲಾನ್ ರಿಪೇರಿ ಟೇಪು, 7.5 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ. ಅದರ ಜೊತೆ ಟೆಂಟಿನ ಬಟ್ಟೆಯಂಥದ್ದೇ ಅಂಗೈಯಗಲದ ಒಂದು ತುಂಡು. ಸೊಳ್ಳೆಪರದೆಗೆ ಬೇರೆ ಜಾಲರಿ ತೇಪೆ, 8 ಸೆಂ.ಮೀ. ಚೌಕ ಎರಡು.

ಕ್ರಮ ಹೀಗೆ. ಹರಕಿನ ಸುತ್ತ 4 ಸೆಂ.ಮೀ. ಜಾಗವನ್ನು ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ ಆರಲು ಬಿಡಿ. ಔಷಧಿ ಅಂಗಡಿಯಲ್ಲಿ ಇಂಜೆಕ್ಷನ್ನಿಗೆ ಮುಂಚೆ ಒರೆಸುವ ಆ ಚಿಕ್ಕ ಪೊಟ್ಟಣಗಳು. ಹ್ಯಾಂಡ್ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒರೆಸಿದ ಮೇಲೂ ಜಿಡ್ಡು ಉಳಿದು ಟೇಪು ಹಿಡಿಯುವುದಿಲ್ಲ. ಹರಕಿನ ಎರಡು ಅಂಚನ್ನೂ ಕೂಡಿಸಿ ಒಂದು ಗಟ್ಟಿ ಮೈ ಮೇಲೆ, ಊಟದ ತಟ್ಟೆಯ ಬೆನ್ನಾದರೂ ನಡೆದೀತು, ಚಪ್ಪಟೆಯಾಗಿ ಹರಡಿ. ತೇಪೆ ಹರಕಿಗಿಂತ ಎಲ್ಲ ದಿಕ್ಕಿನಲ್ಲೂ 2.5 ಸೆಂ.ಮೀ. ದೊಡ್ಡದಿರಲಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ಟೆಂಟ್ ಸುತ್ತುವಾಗ ಮೊದಲು ಏಳುವುದು ಅದೇ. ನಡುವಿನಿಂದ ಅಂಚಿಗೆ ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ. ಹೊರಪದರಿನ ಮೇಲೆ ಗಾಳಿ ಎಳೆಯುವ ಜಾಗವಾದರೆ ಒಳಗೂ ಹೊರಗೂ ಎರಡು ತೇಪೆ.

ಡಕ್ಟ್ ಟೇಪಿನ ಬಗ್ಗೆ ಒಂದು ಮಾತು. ತಂಪು ದೇಶದವರ ಪಟ್ಟಿಗಳಲ್ಲಿ ಅದೇ ಎಲ್ಲಕ್ಕೂ ಮದ್ದು. ಕಲಬುರಗಿಯ ಮೇ ತಿಂಗಳಲ್ಲಿ ಪಾರಾ 42 ದಾಟುತ್ತದೆ, ಬಿಸಿಲಲ್ಲಿ ನಿಂತ ಟೆಂಟಿನ ಬಟ್ಟೆ ಗಾಳಿಗಿಂತಲೂ ಬಿಸಿ. ಆ ಬಿಸಿಗೆ ಡಕ್ಟ್ ಟೇಪಿನ ರಬ್ಬರ್ ಅಂಟು ಮೆತ್ತಗಾಗಿ, ಎಳೆತವಿದ್ದ ಕಡೆ ಟೇಪು ಮೆಲ್ಲಗೆ ಜಾರುತ್ತದೆ. ಕಿತ್ತರೆ ಬಟ್ಟೆ ಮೇಲೆ ಬೆಲ್ಲದ ಪಾಕದಂಥ ಜಿಡ್ಡು ಉಳಿದು, ಮುಂದೆ ಸರಿಯಾದ ತೇಪೆ ಹಾಕಲು ಬಿಡುವುದಿಲ್ಲ. ಆದ್ದರಿಂದ ಅದು ಕೋಲಿಗೆ, ಶೂಗೆ, ಚಪ್ಪಲಿಗೆ ಕಟ್ಟಲು ಮಾತ್ರ. 1.5 ಮೀಟರನ್ನು ಹಳೆ ಎಟಿಎಂ ಕಾರ್ಡಿಗೆ ಸುತ್ತಿಟ್ಟರೆ 20 ಗ್ರಾಂ ಆಗುತ್ತದೆ. ನೀರಿನ ಬಾಟಲಿಗೆ ಸುತ್ತುವ ರೂಢಿ ಉಂಟು, ಆದರೆ ಬಾಟಲಿ ಬಿಸಿಲಲ್ಲಿರುತ್ತದೆ, ಟೇಪಿನ ಅಂಚಿಗೆ ಧೂಳು ಕೂತು ಹೊರಸುತ್ತು ಕೆಟ್ಟಿರುತ್ತದೆ.

ಅಂಟಿನ ಟ್ಯೂಬಿಗೂ ಇಲ್ಲಿಯ ಹವೆ ಒಂದು ಪೇಚು ತಂದಿಡುತ್ತದೆ. ಒಂದೇ ಟ್ಯೂಬಿನ ಪಿಯು ಅಂಟು, ಸಿಲಿಕೋನ್, ಫೆವಿಕ್ವಿಕ್ ಮೂರೂ ಗಟ್ಟಿಯಾಗುವುದು ಗಾಳಿಯ ತೇವ ಹೀರಿ. ಬಿಸಿ ಇದೆ, ಬೇಗ ಒಣಗೀತು ಅನ್ನುವ ಅಂದಾಜು ಏಪ್ರಿಲ್‌ನಲ್ಲಿ ತಪ್ಪುತ್ತದೆ. ಗಾಳಿಯಲ್ಲಿ ತೇವವೇ ಇಲ್ಲ. ಮೇಲೆ ಚರ್ಮ ಕಟ್ಟಿದಂತೆ ಕಂಡರೂ ಒಳಗೆ ಹಸಿ. ಅಂಟು ಹಚ್ಚಿದ ಜಾಗದ ಬಳಿ, ತಾಗದಂತೆ, ಒದ್ದೆ ಬಟ್ಟೆ ಇಟ್ಟು ಮೇಲೊಂದು ಪಾತ್ರೆ ಬೋರಲು ಹಾಕಿ ರಾತ್ರಿಯಿಡೀ ಬಿಟ್ಟರೆ ಬರೋಬ್ಬರಿ ಗಟ್ಟಿಯಾಗುತ್ತದೆ. ಫೆವಿಕ್ವಿಕ್ ಬಟ್ಟೆಗೆ ಬೇಡ: ಗಾಜಿನಂತೆ ಗಡಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ.

ಕೋಲು

ಅತಿ ಹೆಚ್ಚು ತಪ್ಪುವುದು ಇಲ್ಲಿ. ಫೈಬರ್‌ಗ್ಲಾಸ್ ಕೋಲು ಮುರಿಯುವುದಕ್ಕಿಂತ ಉದ್ದಕ್ಕೆ ಸೀಳುತ್ತದೆ, ಅದೂ ಹೆಚ್ಚಾಗಿ ಎರಡು ತುಂಡು ಕೂಡುವ ಲೋಹದ ಕೊಳವೆಯ ಬಾಯಿಯ ಹತ್ತಿರ. ಕೋಲನ್ನು ಕೊಳವೆಗೆ ಪೂರ್ತಿ ಕೂರಿಸದೆ ಬಾಗಿಸಿದರೆ ಬಾಯಿಯ ಅಂಚು ಕತ್ತಿಯಾಗುತ್ತದೆ. ನೂರಕ್ಕೆ ತೊಂಬತ್ತು ಸೀಳು ಹೀಗೇ ಅಂತ ಹೇಳುವ ಲೆಕ್ಕ ಕೈಯಲ್ಲಿಲ್ಲ, ಆದರೆ ಸೀಳಿದ ಕೋಲು ಸಿಕ್ಕರೆ ಮೊದಲು ನೋಡಬೇಕಾದ ಜಾಗ ಅದು.

ರಿಪೇರಿ ಕೊಳವೆ ಕೊಳ್ಳುವಾಗ ಕೋಲಿನ 8.5 ಮಿ.ಮೀ. ಅಳತೆ ನೋಡಿ 9.5 ಒಳವ್ಯಾಸದ್ದು ತಂದರೆ ಅದು ಪೂರ್ತಿ ನಿಷ್ಪ್ರಯೋಜಕ. ಕೊಳವೆ ಕೋಲಿನ ತುದಿಯಿಂದ ಜಾರಿ ಬರಬೇಕು. ನಡುವೆ ಇರುವ ಲೋಹದ ಜೋಡಣೆ ಕೋಲಿಗಿಂತ ದಪ್ಪ, ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಳೆಯಬೇಕಾದ್ದು ಆ ಜೋಡಣೆಯ ಹೊರವ್ಯಾಸ. ಈ ಟೆಂಟಿನಲ್ಲಿ ಅದು 11 ಮಿ.ಮೀ., ಹಾಗಾಗಿ 12 ಒಳವ್ಯಾಸದ ಅಲ್ಯೂಮಿನಿಯಂ ಕೊಳವೆ ಬೇಕಾಯಿತು. ಅಲ್ಯೂಮಿನಿಯಂ ಕೋಲುಗಳಲ್ಲಿ ಜೋಡಣೆ ಒಳಗಡೆ ಇರುವುದರಿಂದ ಈ ತಂಟೆ ಇಲ್ಲ, ಕೋಲಿನ ದಪ್ಪಕ್ಕಿಂತ ಒಂದು ಮಿ.ಮೀ. ಹೆಚ್ಚು ಸಾಕು.

ಗುಜರಿ ಅಂಗಡಿಯಲ್ಲಿ ಹಳೆ ಟಿ.ವಿ. ಆಂಟೆನಾದ ಕಡ್ಡಿಗಳು ಸಿಗುತ್ತವೆ, ಅವು ಟೊಳ್ಳು ಅಲ್ಯೂಮಿನಿಯಂ. ಕೋಲಿನ ಒಂದು ತುಂಡು ಜೊತೆಗೊಯ್ದು ತೂರಿಸಿ ನೋಡಿ ಆರಿಸುವುದು ಅಗ್ಗದ ದಾರಿ. ಹ್ಯಾಕ್ಸಾದಿಂದ 12 ಸೆಂ.ಮೀ. ಕತ್ತರಿಸಿ, ಎರಡೂ ಬಾಯಿಯನ್ನು ಒಳಗೂ ಹೊರಗೂ ಅರದಿಂದ ಉಜ್ಜಿ, ಕೊನೆಗೆ ಉಪ್ಪುಕಾಗದ ಆಡಿಸಿ. ಅಂಚಿನ ಚೂಪು ಉಳಿದರೆ ಕೋಲು ಸರಿಹೋಗಿ ಟೆಂಟಿನ ಬಟ್ಟೆ ಹರಿಯುತ್ತದೆ. ತೂಕ 8 ಗ್ರಾಂ.

ಹಾಕುವ ರೀತಿ: ಸೀಳಿನ ಸಿಬಿರುಗಳ ಮೇಲೆ ಮೊದಲು ಒಂದು ಸುತ್ತು ಟೇಪು. ಬರಿಗೈಯಲ್ಲಿ ಸವರಬೇಡಿ. ಗಾಜಿನ ನಾರು ಚರ್ಮದೊಳಗೆ ಹೋದರೆ ಕಣ್ಣಿಗೆ ಕಾಣದು, ಎರಡು ದಿನ ಚುಚ್ಚುತ್ತದೆ. ಸೀಳಿನ ಎರಡೂ ಬದಿಗೆ ಟೇಪು ಸುತ್ತಿ ದಪ್ಪವನ್ನು ಕೊಳವೆಯ ಒಳವ್ಯಾಸಕ್ಕೆ ತನ್ನಿ, ಕೊಳವೆ ಜಾರಿಸಿ ಸೀಳು ನಟ್ಟ ನಡುವೆ ಬರುವಂತೆ ನಿಲ್ಲಿಸಿ, ಎರಡೂ ತುದಿಗೆ ಟೇಪು ಬಿಗಿಯಿರಿ. ಸೀಳು ಜೋಡಣೆಯ ಬಾಯಿಗೇ ಅಂಟಿಕೊಂಡಿದ್ದರೆ ಕೊಳವೆ ಎರಡು ಬದಿಗೂ ಸಮ ಹಿಡಿಯುವುದಿಲ್ಲ. ಆಗ ಎರಡು ಗೂಟಗಳನ್ನು ದಬ್ಬೆ ಕಟ್ಟಿದ ಹಾಗೆ ಆಚೀಚೆ ಇಟ್ಟು ಟೇಪು ಸುತ್ತಿ, ಅದರ ಮೇಲೆ ಮೂರು ಪ್ಲಾಸ್ಟಿಕ್ ಕೇಬಲ್ ಟೈ.

ಒಳಗಿನ ಎಲಾಸ್ಟಿಕ್ ಹುರಿ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹುರಿ ಸಡಿಲಾದರೆ ತುಂಡುಗಳು ಪೂರ್ತಿ ಕೂರುವುದಿಲ್ಲ, ಮೇಲೆ ಹೇಳಿದ ಸೀಳಿಗೆ ಅದೇ ಬೀಜ. 2.5 ಮಿ.ಮೀ. ಹುರಿ ಹೊಸದಾಗಿ ಹಾಕುವಾಗ ಕೋಲಿನ ಪೂರ್ತಿ ಉದ್ದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಇರಲಿ. ಇದು ಮನೆಯಲ್ಲೇ ಮುಗಿಸಿ. ದಾರಿಯಲ್ಲಿ ಹುರಿ ಕಡಿದರೂ ಕೋಲು ನಿಲ್ಲುತ್ತದೆ, ಕೂಡಿಸಲು ಹೊತ್ತು ಹಿಡಿಯುತ್ತದೆ ಅಷ್ಟೆ.

ಜಿಪ್ಪು

ಎರಿಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಅದು ರನ್ನರಿನೊಳಗೆ ಕೂತು ಒಳಗೋಡೆಯನ್ನು ಸವೆಸುತ್ತದೆ. ರನ್ನರ್ ಎಳೆದ ಮೇಲೆ ಹಿಂದೆ ಹಲ್ಲು ಬಿಚ್ಚಿಕೊಂಡರೆ ಹಲ್ಲು ಕೆಟ್ಟಿದೆ ಅಂದುಕೊಂಡು ಇಡೀ ಜಿಪ್ಪು ಬದಲಿಸಲು ಕೊಡುವವರೇ ಬಹಳ. ಮುಕ್ಕಾಲು ಪಾಲು ತಪ್ಪು ರನ್ನರಿನದ್ದು.

ಮೊದಲು ಹಳೆ ಹಲ್ಲುಜ್ಜುವ ಬ್ರಷ್ ಮತ್ತು ನೀರಿನಿಂದ ಹಲ್ಲು ತೊಳೆದು ಒಣಗಿಸಿ. ಎಣ್ಣೆ ಬಿಡುವುದು ದೊಡ್ಡ ತಪ್ಪು. ಧೂಳು ಎಣ್ಣೆಗೆ ಕೂಡಿದರೆ ಅರೆಯುವ ಮುಲಾಮಾಗುತ್ತದೆ. ಮೇಣದಬತ್ತಿಯನ್ನು ಒಂದು ಸಲ ಸವರಿ ಬಟ್ಟೆಯಿಂದ ಒರೆಸಿದರೆ ಸಾಕು. ಆಮೇಲೆ ರನ್ನರನ್ನು ಹಲ್ಲು ಪೂರ್ತಿ ಬಿಚ್ಚಿದ ತುದಿಗೆ ತಂದು, ಸಣ್ಣ ಪಕ್ಕಡದಿಂದ ಹಿಂಬದಿಯನ್ನು ಒತ್ತಿ. ಹಿಂಬದಿ ಅಂದರೆ ಎರಡು ಬಾಯಿ ಇರುವ ಕಡೆ ಅಲ್ಲ, ಕೂಡಿದ ಹಲ್ಲು ಹೊರಬೀಳುವ ಒಂದೇ ಬಾಯಿಯ ಕಡೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪ್ರತಿ ಸಲ ಕೂದಲೆಳೆಯಷ್ಟು, ನಡುವೆ ಎಳೆದು ಪರೀಕ್ಷೆ. ರನ್ನರ್ ಎರಕದ ಸತುವಿನ ಮಿಶ್ರಲೋಹ, ಬಾಗುವುದು ಕಡಿಮೆ, ಬಿರಿಯುವುದು ಹೆಚ್ಚು. ಎರಡು ಮೂರು ಸಲ ಒತ್ತಿಸಿಕೊಂಡ ರನ್ನರಿನ ಆಯುಷ್ಯ ಮುಗಿಯಿತು ಅಂತಲೇ ತಿಳಿಯಿರಿ.

ಬದಲಿ ರನ್ನರ್ ಕೊಳ್ಳಲು ಹಳೆಯದರ ಬೆನ್ನು ನೋಡಿ, 5, 8 ಅಥವಾ 10 ಅಂತ ಒತ್ತಿರುತ್ತದೆ. ಈ ಟೆಂಟಿನ ಬಾಗಿಲು 5, ಚೀಲ 8. ಅಂಕಿ ಒಂದೇ ಇದ್ದರೂ ಸುರುಳಿ ಹಲ್ಲಿನ ರನ್ನರ್ ಬೇರೆ, ಬಿಡಿ ಪ್ಲಾಸ್ಟಿಕ್ ಹಲ್ಲಿನದು ಬೇರೆ. ಚೀಲ ರಿಪೇರಿ ಅಂಗಡಿಯವರಿಗೆ ಹಳೆಯದನ್ನು ತೋರಿಸಿದರೆ ಡಬ್ಬಿಯಿಂದ ಆರಿಸಿ ಕೊಡುತ್ತಾರೆ. ಹಾಕಲು ಜಿಪ್ಪಿನ ತುದಿಯ ನಾಲ್ಕು ಹೊಲಿಗೆ ಬಿಚ್ಚಿ, ಹಲ್ಲಿನ ಎರಡೂ ಸಾಲು ಒಂದೇ ಮಟ್ಟಕ್ಕೆ ಕತ್ತರಿಸಿ ತೂರಿಸಿ, ಮತ್ತೆ ರನ್ನರ್ ಹೊರಬೀಳದಂತೆ ಆರೇಳು ಸುತ್ತು ದಾರದಿಂದ ತಡೆ ಕಟ್ಟಬೇಕು.

ಗಾಳಿಹಾಸಿಗೆ

ಪಂಕ್ಚರ್ ಅಂಗಡಿಯ ಸೊಲ್ಯೂಷನ್ನು, ರಬ್ಬರ್ ತೇಪೆ ಸೈಕಲ್ ಟ್ಯೂಬಿಗೆ ಮಾಡಿದ್ದು. ಟಿಪಿಯು ಮೇಲೆ ಅದು ಆ ಹೊತ್ತಿಗೆ ಹಿಡಿದಂತೆ ಕಂಡು ರಾತ್ರಿ ಬಿಡುತ್ತದೆ. ಪಿಯು ಅಂಟೇ ಸರಿ. ಬಜಾರಿನ ಅಗ್ಗದ ಗಾಳಿಹಾಸಿಗೆ ಪಿವಿಸಿ ಆಗಿದ್ದರೆ ಪಿವಿಸಿ ಅಂಟು.

ತೂತು ಹುಡುಕಲು ಹಾಸಿಗೆ ಬಿಗಿಯಾಗಿ ತುಂಬಿ, ಸೋಪಿನ ನೊರೆಯನ್ನು ಒಂದೊಂದೇ ಅಂಕಣಕ್ಕೆ ಸವರಿ. ಮೊದಲು ವಾಲ್ವಿನ ಸುತ್ತ ನೋಡಿ. ಅಲ್ಲಿ ಒಂದು ಕಣ ಮರಳು ಸಿಕ್ಕಿಕೊಂಡಿದ್ದಕ್ಕೆ ಇಡೀ ಹಾಸಿಗೆ ಜಾಲಾಡುವುದು ವ್ಯರ್ಥ. ಗುಳ್ಳೆ ಎದ್ದಲ್ಲಿ ಪೆನ್ನಿನಿಂದ ಗುರುತು ಹಾಕಿ, ಗಾಳಿ ಬಿಟ್ಟು, ತೊಳೆದು, ಸ್ವಾಬ್‌ನಿಂದ ಒರೆಸಿ, ಬಟಾಣಿಯಷ್ಟು ಅಂಟು, ಮೇಲೆ ದುಂಡು ತೇಪೆ, ಅದರ ಮೇಲೆ ನೀರು ತುಂಬಿದ ಬಾಟಲಿಯ ಭಾರ. ಕನಿಷ್ಠ 8 ಗಂಟೆ. ಅಂದರೆ ಆ ರಾತ್ರಿ ನೆಲವೇ ಗತಿ. ಬೆಳಿಗ್ಗೆ ಎದ್ದವರು ಹಾಸಿಗೆಯನ್ನು ತುಂಬಿದಂತೆಯೇ ಬಿಸಿಲಿನ ಟೆಂಟಿನಲ್ಲಿ ಬಿಟ್ಟು ಹೋಗಬಾರದು: ಗಾಳಿ ಹಿಗ್ಗಿ ಒಳಗಿನ ಅಂಕಣದ ಗೋಡೆ ಕಿತ್ತು ದಿಂಬಿನಂತೆ ಉಬ್ಬುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಕರಿಕಲ್ಲಿನ ಮೇಲೆ ಹಾಸಿಗೆ ನೇರ ಹಾಕಿದರೆ ಕಲ್ಲಿನ ಹರಳು ಉಪ್ಪುಕಾಗದದಂತೆ ಮೈ ಉಜ್ಜುತ್ತದೆ. ಟೆಂಟಿನ ನೆಲಕ್ಕೂ ಅದೇ ಗತಿ. ಕೆಳಗೆ ತೆಳು ತಾಡಪತ್ರಿ ತುಂಡು, ಟೆಂಟಿನ ನೆಲಕ್ಕಿಂತ ಸುತ್ತ 5 ಸೆಂ.ಮೀ. ಚಿಕ್ಕದು. ದೊಡ್ಡದಾದರೆ ಮಳೆನೀರನ್ನು ಹಿಡಿದು ಒಳಗೇ ತರುತ್ತದೆ.

ಗೂಟ ಮತ್ತು ನೆಲ

ಬೀದರಿನ ಜಂಬಿಟ್ಟಿಗೆ ನೆಲದ ಮೇಲ್ಪದರ ಒಣಗಿದಾಗ ಇಟ್ಟಿಗೆಯೇ. ಟೆಂಟಿನ ಜೊತೆ ಬಂದ ತೆಳು ತಂತಿಗೂಟ ಎರಡೇ ಏಟಿಗೆ ಬಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ 6 ಇಂಚಿನ ಮೊಳೆ ಹೋಗುತ್ತದೆ, ಆದರೆ ಒಂದೊಂದು 30 ಗ್ರಾಂ ಮೀರುವುದರಿಂದ ಎರಡೇ ಸಾಕು, ಗಾಳಿ ಬರುವ ದಿಕ್ಕಿಗೆ. ಇವು ಗೂಟದ ಚೀಲದಲ್ಲಿರಲಿ, ಕಿಟ್ಟಿನ ತೂಕಕ್ಕೆ ಸೇರಿಸಿಲ್ಲ. (ಬೀದರ್ ಕೋಟೆಯ ಒಳಗೆ ಮೊಳೆ ಬಡಿಯುವ ಮಾತೇ ಬೇಡ, ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಚಿಂಚೋಳಿ 2011ರಿಂದ ವನ್ಯಜೀವಿ ಧಾಮ, ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಮೊದಲು.)

ಎರಿನೆಲದ ಕಥೆ ತಿರುವುಮುರುವು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲದಲ್ಲಿ ಗೂಟ ಬಿರುಕಿಗೇ ಇಳಿದು ಹಿಡಿತ ಸಿಗುವುದಿಲ್ಲ. ಮಳೆ ಬಿದ್ದರೆ ಬೆಣ್ಣೆ. ಆಗ ಒಂದು ಗೇಣು ಉದ್ದದ ಕಟ್ಟಿಗೆಗೆ ಹಗ್ಗ ಕಟ್ಟಿ ಮೊಳಕಾಲುದ್ದದ ಗುಂಡಿಯಲ್ಲಿ ಅಡ್ಡ ಹೂಳಿ ತುಳಿಯುವುದೇ ಗಟ್ಟಿ. ಕಲ್ಲಿಗೆ ಹಗ್ಗ ಕಟ್ಟುವಲ್ಲಿ ಅಂಚು ಉಜ್ಜುವ ಜಾಗಕ್ಕೆ ಸೈಕಲ್ ಟ್ಯೂಬಿನ 10 ಸೆಂ.ಮೀ. ತುಂಡು ತೂರಿಸಿ. ಇದಕ್ಕಾಗಿ ಕಿಟ್ಟಿನಲ್ಲಿ 2 ಮಿ.ಮೀ. ನೈಲಾನ್ ಹಗ್ಗ 4 ಮೀಟರ್, ಟ್ಯೂಬಿನ ಎರಡು ತುಂಡು. ಟ್ಯೂಬನ್ನು ಅಡ್ಡಡ್ಡ ಕತ್ತರಿಸಿದರೆ ಗಟ್ಟಿ ರಬ್ಬರ್ ಬ್ಯಾಂಡೂ ಆಯಿತು.

ಚೀಲ, ಹೊಲಿಗೆ, ಶೂ

ಬಕಲ್ ಮುರಿದರೆ ಹೊಲಿಗೆ ಬಿಚ್ಚದೆ ಹಾಕುವಂಥದ್ದು ಆರಿಸಿ: ಅಡ್ಡಕಡ್ಡಿಯಲ್ಲಿ ಸೀಳು ಇರುತ್ತದೆ, ಪಟ್ಟಿಯನ್ನು ಪಕ್ಕದಿಂದ ತೂರಿಸಬಹುದು. ಸೊಂಟಪಟ್ಟಿಯ 38 ಮಿ.ಮೀ. ಒಂದು ಸಾಕು. ಭಾರ ಹೊರುವುದು ಅದೇ, ಬಕಲ್ ಬಿಟ್ಟು ನೆಲಕ್ಕೆ ಹಾಕಿದಾಗ ಕಾಲಡಿ ಸಿಕ್ಕುವುದೂ ಅದೇ. ಉಳಿದವಕ್ಕೆ ಗಂಟು ಹಾಕಿ ನಡೆಯಬಹುದು.

ದಾರ ಪಾಲಿಯೆಸ್ಟರ್ ಇರಲಿ, ಹತ್ತಿಯದು ಬೇಡ. ನೆಂದು ಒಣಗಿ ಕೊಳೆಯುತ್ತದೆ. ಸಮಗಾರರು ಚಪ್ಪಲಿ ಹೊಲಿಯುವ ಮೇಣದ ದಾರ 5 ಮೀಟರ್ ಸುತ್ತಿಸಿಕೊಂಡರೆ ಚೀಲದ ಪಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಟೆಂಟಿನ ತೆಳು ಬಟ್ಟೆಗೆ ಮಾತ್ರ ತೆಳು ದಾರ, ತೆಳು ಸೂಜಿ. ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ಚೀಲ ಹೊಲಿಯುವ ದಬ್ಬಣ ಕಂಡು ಆಸೆಪಡಬೇಡಿ. ಗೋಣಿಗೆ ಸರಿ, ಟೆಂಟಿನಲ್ಲಿ ಅದು ಮಾಡುವ ತೂತು ಜಾಲಿಮುಳ್ಳಿನದ್ದಕ್ಕಿಂತ ದೊಡ್ಡದು. ಜೀನ್ಸ್ ಹೊಲಿಯುವ ದಪ್ಪಸೂಜಿ ಒಂದು, ಸಾದಾ ಸೂಜಿ ಎರಡು. ಭುಜಪಟ್ಟಿ ಕಿತ್ತರೆ ಚೌಕ ಹೊಲಿದು ನಡುವೆ ಗುಣಾಕಾರದ ಗುರುತಿನಂತೆ ಅಡ್ಡ ಹೊಲಿಯಿರಿ, ಒಂದೊಂದು ಹೊಲಿಗೆ 3–4 ಮಿ.ಮೀ. ಟೆಂಟಿನ ಹೊರಪದರನ್ನು ಹೊಲಿದರೆ ಪ್ರತಿ ಸೂಜಿತೂತೂ ಸೋರುತ್ತದೆ, ಮೇಲೆ ಅಂಟು ಸವರಲೇಬೇಕು.

ಶೂ ಸೋಲ್ ಬಾಯಿಬಿಟ್ಟರೆ ಫೆವಿಬಾಂಡ್‌ನಂಥ ಅಂಟು: ಎರಡೂ ಮೈ ಉಪ್ಪುಕಾಗದದಿಂದ ಒರಟು ಮಾಡಿ, ಎರಡಕ್ಕೂ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಿ ಒತ್ತಬೇಕು. ಹಸಿಯಲ್ಲೇ ಕೂಡಿಸಿದರೆ ಜಾರುತ್ತದೆ. ಮೇಲೆ ಹಗ್ಗ ಸುತ್ತಿ ರಾತ್ರಿಯಿಡೀ ಬಿಡಿ.

ತೂಕ ಹಾಕಿ ನೋಡಿದಾಗ

ಡಕ್ಟ್ ಟೇಪು 20, ಕೊಳವೆ 8, ಬಟ್ಟೆ ಮತ್ತು ಜಾಲರಿ ತೇಪೆ 12, ಪಿಯು ಅಂಟು 7 ಗ್ರಾಮಿನ ಟ್ಯೂಬ್ ಪೊಟ್ಟಣ ಸೇರಿ 10, ಶೂ ಅಂಟು 12, ಸ್ವಾಬ್ ಆರು 6, ಸೂಜಿ ದಾರ 7, ರನ್ನರ್ ಎರಡು 9, ಬಕಲ್ 18, ಹಗ್ಗ ಮತ್ತು ಟ್ಯೂಬ್ ತುಂಡು 16, ಕೇಬಲ್ ಟೈ ನಾಲ್ಕು 5, ಪಿನ್ನು ನಾಲ್ಕು 4, ಸಣ್ಣ ಪಕ್ಕಡ–ಕತ್ತರಿ ಇರುವ ಮಡಚುಸಾಧನ 55. ಒಟ್ಟು 182 ಗ್ರಾಂ. ಉಪ್ಪುಕಾಗದದ ಬೆರಳಗಲದ ತುಂಡು, ಮೇಣದ ಚೂರು ತಕ್ಕಡಿಗೆ ಸಿಗಲಿಲ್ಲ. ಇಬ್ಬರು ಹೊರಟರೆ ಒಂದೇ ಕಿಟ್, ಎರಡನೆಯವರಿಗೆ ಅವರ ಬಕಲ್ ಮಾತ್ರ.

ಅಂಟಿನ ಟ್ಯೂಬುಗಳು ಬೇರೆ ಜಿಪ್ ಕವರಿನಲ್ಲಿ, ಚೀಲದ ನಡುಭಾಗದಲ್ಲಿ ಬಟ್ಟೆಗಳ ಒಳಗೆ. ಮೇಲಿನ ಜೇಬು ಬಸ್ಸಿನ ಟಾಪಿನ ಮೇಲೆ ಬೆಂದು ಟ್ಯೂಬ್ ಉಬ್ಬಿ ಸೋರುತ್ತದೆ. ಬಾಯಿ ತೆರೆದ ಟ್ಯೂಬ್ ಮತ್ತೆ ಕಿಟ್ಟಿಗೆ ಹೋಗಬಾರದು. ಅದು ಮನೆಯ ಕೆಲಸಕ್ಕೆ, ಕಿಟ್ಟಿಗೆ ಹೊಸದು. ಟ್ಯೂಬಿನ ಮೇಲೆ ಕೊಂಡ ತಿಂಗಳು, ವರ್ಷ ಪರ್ಮನೆಂಟ್ ಪೆನ್ನಿನಿಂದ ಬರೆದು, ಬೇಸಿಗೆ ಕಳೆದ ಮೇಲೆ ಪ್ರತಿ ಜೂನ್‌ನಲ್ಲಿ ಒತ್ತಿ ನೋಡಿ. ಮೆತ್ತಗಿಲ್ಲದಿದ್ದರೆ ಬದಲಿಸಿ.